ಕಾಲೇಜಿನ ಕ್ರೀಡೆಗೆ ದುಡ್ಡು ಕೊಡೋ ಮೊದಲು ಪಿ.ಡಿ. ಸರ್ ಹತ್ರ ಒಂದು ಪ್ರಶ್ನೆ ಕೇಳಿ

ನೀವು ಕೇಳಿರುವುದು ಇಷ್ಟು: ಚಿಕ್ಕ ಊರಿನ ಡಿಗ್ರಿ ಕಾಲೇಜಿನಲ್ಲಿ ಓದಿದ್ದೀರಿ. ಬ್ಯಾಚಿನವರೆಲ್ಲ ಸೇರಿ 2 ಲಕ್ಷ ರೂಪಾಯಿ ಕೂಡಿಸಿದ್ದೀರಿ. ಅದನ್ನು ಕಾಲೇಜಿನ ಕ್ರೀಡೆಗೆ ಕೊಡಬೇಕು. ಟ್ರ್ಯಾಕ್ ಮಾಡಿಸೋದಾ, ಬ್ಯಾಚಿನ ಹೆಸರಲ್ಲಿ ಟೂರ್ನಮೆಂಟ್ ನಡೆಸೋದಾ, ಇಲ್ಲ ಎಲ್ಲರಿಗೂ ಟ್ರ್ಯಾಕ್‌ಸೂಟ್ ಕೊಡಿಸೋದಾ?

ಮೂರೂ ಬೇಡ ಅಂತೀನಿ. ನಾನು ಮಲೆನಾಡಿನ ಒಂದು ತಾಲೂಕು ಊರಿನ ಕಾಲೇಜಿನಲ್ಲಿ ಓದಿದವನು. ಓದಿದ್ದಕ್ಕಿಂತ ಲಾಂಗ್ ಜಂಪ್ ಹಾರಿದ್ದೇ ಜಾಸ್ತಿ. ಈಗ ಅದೇ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದ ಖಜಾಂಚಿ. ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿ ಹೋಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡುತ್ತಿದ್ದೇನೆ.

ಟ್ರ್ಯಾಕ್ ವಿಷಯ ಮೊದಲು ಮುಗಿಸಿಬಿಡೋಣ. ಸಿಂಥೆಟಿಕ್ ಟ್ರ್ಯಾಕ್ ಅಂದರೆ ಕೋಟಿಗಳ ಮಾತು. ಅದಕ್ಕೂ ಮುಂಚೆ ಜಾಗ ಬೇಕು. 400 ಮೀಟರ್ ಟ್ರ್ಯಾಕಿನ ನೇರ ಬದಿ ಒಂದೊಂದೂ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಎಂಟು ಲೇನ್ ಎಳೆದರೆ ಹತ್ತಿರಹತ್ತಿರ 177 ಮೀಟರ್ ಉದ್ದ, 93 ಮೀಟರ್ ಅಗಲ ಆಗುತ್ತದೆ. ಅಂದರೆ ಮಟ್ಟಸವಾದ ನಾಲ್ಕು ಎಕರೆ. ಗುಡ್ಡ ಕಡಿದು ಕಟ್ಟಿದ ನಮ್ಮಂಥ ಕಾಲೇಜಿಗೆ ನಾಲ್ಕು ಎಕರೆ ಸಪಾಟು ನೆಲ ಎಲ್ಲಿಂದ ಬರಬೇಕು? ಇರುವ ಜಾಗದಲ್ಲಿ 200 ಮೀಟರಿನ ಸುಣ್ಣದ ಟ್ರ್ಯಾಕ್ ಎಳೆದುಕೊಂಡು ಓಡುತ್ತೇವೆ, ಅಷ್ಟೇ. ಅದರಲ್ಲಿ ಓಡಿದವರೂ ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ತಂಡದವರು, ಆಗಿದ್ದಾರೆ.

ಟೂರ್ನಮೆಂಟ್ ಇನ್ನೊಂದು ಕಥೆ. ಹಳೆ ವಿದ್ಯಾರ್ಥಿಗಳು ಅಂದ ಕೂಡಲೇ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನೆನಪಾಗುತ್ತದೆ ಅಲ್ವಾ? ಶಾಮಿಯಾನ, ಲೈಟು, ಮೈಕು, ಆಳೆತ್ತರದ ಟ್ರೋಫಿ, ವೇದಿಕೆ ತುಂಬ ಗಣ್ಯರು, ಒಬ್ಬೊಬ್ಬರಿಗೂ ಶಾಲು, ಹಾರ. ಒಂದು ರಾತ್ರಿಯಲ್ಲಿ ದುಡ್ಡು ಖಾಲಿ. ಆಡುವವರು ಬಹುಪಾಲು ಹೊರಗಿನ ತಂಡದವರು, ಕಾಲೇಜಿನ ಹುಡುಗರು ಕುರ್ಚಿ ಹಾಕುತ್ತಾರೆ. ಪಂದ್ಯಾವಳಿಯೇ ಕೆಟ್ಟದ್ದು ಅಂತಲ್ಲ. ಕೊಡಗಿನ ಕರಡದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಇವತ್ತಿಗೂ ನಡೆಯುತ್ತಿದೆ, ಒಂದೊಂದು ವರ್ಷ ಒಂದೊಂದು ಕುಟುಂಬ ಅದರ ಹೊಣೆ ಹೊರುತ್ತದೆ. ಆದರೆ ಅಲ್ಲಿ ಹಾಕಿ ಮೊದಲೇ ಮನೆಮನೆಯಲ್ಲಿತ್ತು, ಹಬ್ಬ ಆಮೇಲೆ ಬಂತು. ನಾವು ಉಲ್ಟಾ ಮಾಡುತ್ತೇವೆ.

ಟ್ರ್ಯಾಕ್‌ಸೂಟ್ ಬಗ್ಗೆ ಒಂದೇ ಮಾತು: ಬೆನ್ನ ಮೇಲೆ ನಿಮ್ಮ ಬ್ಯಾಚಿನ ಹೆಸರು ಹಾಕಿಸದೆ ಕೊಡುವಷ್ಟು ಧೈರ್ಯ ನಿಮ್ಮ ಗುಂಪಿಗೆ ಇದ್ದರೆ ಕೊಡಿ.

ಹಾಗಾದರೆ ಏನು ಮಾಡಬೇಕು? ಮೊದಲು ಕಾಲೇಜಿಗೆ ಹೋಗಿ ದೈಹಿಕ ಶಿಕ್ಷಣ ನಿರ್ದೇಶಕರನ್ನು, ಅಂದರೆ ಪಿ.ಡಿ. ಸರ್ ಅನ್ನೋ ಮೇಡಮ್ಮನ್ನೋ, ಕಾಣಿ. ಎಷ್ಟೋ ಚಿಕ್ಕ ಕಾಲೇಜುಗಳಲ್ಲಿ ಆ ಹುದ್ದೆಯೇ ಖಾಲಿ ಇರುತ್ತದೆ. ಕನ್ನಡದ ಮೇಷ್ಟ್ರೋ ಕಾಮರ್ಸ್ ಮೇಷ್ಟ್ರೋ ಹೆಚ್ಚುವರಿಯಾಗಿ ನೋಡಿಕೊಳ್ಳುತ್ತಿರುತ್ತಾರೆ. ಯಾರೇ ಇರಲಿ, ‘ಸರ್, ನಿಮಗೇನು ಬೇಕು?’ ಎಂದು ಮಾತ್ರ ಕೇಳಬೇಡಿ. ‘ನೀವು ಏನು ಕೊಟ್ಟರೂ ಸಂತೋಷ’ ಅಂದುಬಿಡುತ್ತಾರೆ. ‘ಹೋದ ವರ್ಷ ನಿಮ್ಮ ಜೇಬಿಂದ ಯಾವುದಕ್ಕೆಲ್ಲ ಖರ್ಚಾಯ್ತು ಸರ್?’ ಎಂದು ಕೇಳಿ. ಆಗ ನಿಜ ಹೊರಗೆ ಬರುತ್ತದೆ. ಕ್ರೇಪ್ ಬ್ಯಾಂಡೇಜು, ನೋವಿನ ಸ್ಪ್ರೇ, ಇಂಟರ್ ಕಾಲೇಜು ಮೀಟ್‌ಗೆ ಹೋದಾಗ ರಾತ್ರಿ ಊಟ, ಕೊನೇ ಬಸ್ಸು ತಪ್ಪಿದ ಹುಡುಗಿಯನ್ನು ಮನೆ ಮುಟ್ಟಿಸಿದ ಆಟೋ. ಇವ್ಯಾವಕ್ಕೂ ಸರಿಯಾದ ಬಿಲ್ ಇರುವುದಿಲ್ಲ. ಅಡ್ಮಿಷನ್ ಹೊತ್ತಿಗೆ ಕಟ್ಟಿಸಿಕೊಳ್ಳುವ ಕ್ರೀಡಾ ಶುಲ್ಕದಲ್ಲಿ ಒಂದು ಪಾಲು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಉಳಿದದ್ದು ಚೆಂಡು, ನೆಟ್ಟು, ಮೀಟಿನ ಪ್ರವೇಶ ಶುಲ್ಕಕ್ಕೆ ಮುಗಿಯುತ್ತದೆ. ಜೇಬಿನ ಖರ್ಚು ಜೇಬಿನದ್ದೇ ಆಗಿ ಉಳಿಯುತ್ತದೆ.

ನನ್ನ ಲೆಕ್ಕದಲ್ಲಿ ಮೊದಲ ದುಡ್ಡು ಹೋಗಬೇಕಾದದ್ದು ಹೊಟ್ಟೆಗೆ. ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುವ ಹುಡುಗ ಮನೆಯಲ್ಲಿ ತಿಂಡಿ ತಿಂದಿರುವುದಿಲ್ಲ. ಗ್ರೌಂಡಿನಲ್ಲಿ ಓಡಿ, ನಲ್ಲಿ ನೀರು ಕುಡಿದು ಕ್ಲಾಸಿಗೆ ಹೋಗುತ್ತಾನೆ. ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ. ಸಂಜೆ ಮತ್ತೆ ಓಟ. ಇವನಿಗೆ ಯಾವ ಕೋಚ್ ಬಂದು ಏನು ಹೇಳಿಕೊಟ್ಟರೂ ಮೈಗೆ ಹತ್ತುವುದು ಹೇಗೆ? ಪ್ರಾಕ್ಟೀಸ್ ಮುಗಿದ ತಕ್ಷಣ ಎರಡು ಬೇಯಿಸಿದ ಮೊಟ್ಟೆ, ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಮೊಟ್ಟೆ ತಿನ್ನದವರಿಗೆ ನೆನೆಸಿದ ಕಡಲೆ, ಶೇಂಗಾ. ಒಬ್ಬರಿಗೆ ದಿನಕ್ಕೆ 35 ರೂಪಾಯಿ ಅಂದುಕೊಳ್ಳಿ. 15 ಜನ, ತಿಂಗಳಿಗೆ 25 ದಿನ ಅಂದರೆ 13,125. ಎಂಟು ತಿಂಗಳಿಗೆ 1,05,000. ನಿಮ್ಮ 2 ಲಕ್ಷದಲ್ಲಿ ಅರ್ಧ ಇಲ್ಲೇ ಹೋಯಿತು, ಫೋಟೋ ತೆಗೆಸುವಂಥದ್ದು ಒಂದೂ ಇಲ್ಲ. ಅದಕ್ಕೇ ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಮುಂದಿನ ವರ್ಷಕ್ಕೆ? ಇಲ್ಲಿಯೇ ಬಹಳ ಬ್ಯಾಚುಗಳು ಎಡವುವುದು. ಒಂದು ಸಲ ಲಕ್ಷಗಟ್ಟಲೆ ಕೊಟ್ಟು ಐದು ವರ್ಷ ನಾಪತ್ತೆಯಾಗುತ್ತವೆ. ತಿಂಗಳಿಗೆ 300 ರೂಪಾಯಿ ಕೊಡುವ 30 ಜನ ಸಿಕ್ಕರೆ ವರ್ಷಕ್ಕೆ 1,08,000 ಆಗುತ್ತದೆ, ಊಟದ ಲೆಕ್ಕ ಸರಿಹೋಗುತ್ತದೆ. ಬೆಂಗಳೂರಿನಲ್ಲಿ 300 ರೂಪಾಯಿಗೆ ಈಗ ಏನು ಬರುತ್ತೆ ಹೇಳಿ? ಬ್ಯಾಂಕಿನಲ್ಲಿ ತಿಂಗಳಿಗೊಮ್ಮೆ ತಾನಾಗಿ ಕಟ್ ಆಗುವ ಹಾಗೆ ಮಾಡಿಸಿಬಿಡಿ. ವಾಟ್ಸಾಪಿನಲ್ಲಿ ಪ್ರತಿ ತಿಂಗಳು ನೆನಪಿಸುವ ಕೆಲಸ ಯಾರಿಗೂ ಬೇಡ, ಅನುಭವದಿಂದ ಹೇಳ್ತಿದ್ದೀನಿ.

ಎರಡನೆಯದು ಗ್ರೌಂಡು. ನೀವು ಹೋದಾಗ ಲಾಂಗ್ ಜಂಪ್ ಪಿಟ್ ಹತ್ತಿರ ಒಂದು ಐದು ನಿಮಿಷ ನಿಲ್ಲಿ. ಒಂದು ಕಾಲೇಜು ತನ್ನ ಕ್ರೀಡೆಯನ್ನು ಹೇಗೆ ಇಟ್ಟುಕೊಂಡಿದೆ ಅಂತ ಪಿಟ್ ನೋಡಿದರೆ ಸಾಕು, ಗೊತ್ತಾಗುತ್ತದೆ. ಅಂಚಿನಲ್ಲಿ ಗರಿಕೆ ಹಬ್ಬಿರುತ್ತದೆ. ಮಳೆಗಾಲ ಕಳೆದ ಮೇಲೆ ಮರಳು ಮಣ್ಣಿನ ಜೊತೆ ಕಲೆತು ಗಟ್ಟಿಯಾಗಿರುತ್ತದೆ, ಹಿಮ್ಮಡಿ ಊರಿದರೆ ಅದರ ಪೆಟ್ಟು ಸೊಂಟದವರೆಗೂ ಬರುತ್ತದೆ. ಮರಳು ಹೊಸದಾಗಿ ತುಂಬಿಸುವುದು ದೊಡ್ಡ ಕೆಲಸವೇನಲ್ಲ. 8 ಮೀಟರ್ ಉದ್ದ, 2.75 ಮೀಟರ್ ಅಗಲ, ಒಂದೂಕಾಲು ಅಡಿ ಆಳ ಅಂದರೆ ಮೂರು ಟ್ರ್ಯಾಕ್ಟರ್ ಲೋಡು. ಆದರೆ ಎಂ-ಸ್ಯಾಂಡ್ ಹಾಕಿಸಬೇಡಿ. ಅಗ್ಗ ಅಂತ ಹಾಕಿಸುತ್ತಾರೆ. ಅದು ಕಲ್ಲು ಒಡೆದು ಮಾಡಿದ ಪುಡಿ, ಅಂಚೆಲ್ಲ ಚೂಪು. ತೊಡೆ, ಮೊಣಕೈ ಉಜ್ಜಿ ಗಾಯ ಆಗುತ್ತದೆ. ತೊಳೆದು ಜರಡಿ ಹಿಡಿದ ಹೊಳೆ ಮರಳೇ ಆಗಬೇಕು. ಪರ್ಮಿಟ್ ಇರುವ ಕಡೆಯಿಂದಲೇ ತರಿಸಿ, ರಸೀದಿ ಇಟ್ಟುಕೊಳ್ಳಿ. ಜೊತೆಗೆ ಒಂದು ಟಾರ್ಪಾಲು, ಒಂದು ಗುದ್ದಲಿ, ಒಂದು ಮರದ ಹಲುಬೆ. ಟಾರ್ಪಾಲು ಮಳೆಗಲ್ಲ, ನಾಯಿಗಳಿಗೆ. ಮೆತ್ತನೆ ಮರಳು ಕಂಡರೆ ಊರಿನ ನಾಯಿಗಳೆಲ್ಲ ಅಲ್ಲೇ ಬರುತ್ತವೆ, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಾರುವ ಮುಂಚೆ ಮರಳು ಅಗೆದು ಸಡಿಲ ಮಾಡುವುದು ಹಾರುವವರದ್ದೇ ಕೆಲಸ. ನಮ್ಮ ಕಾಲದಲ್ಲಿ ಅದೇ ವಾರ್ಮಪ್ಪು. ಜಿಗಿಯುವ ಹಲಗೆಯನ್ನೂ ನೋಡಿ. 20 ಸೆಂಟಿಮೀಟರ್ ಅಗಲದ ಮರದ ಹಲಗೆ ಅದು, ನೆಲದ ಮಟ್ಟಕ್ಕೆ ಕೂತಿರಬೇಕು. ಎಷ್ಟೋ ಕಡೆ ಗೆದ್ದಲು ತಿಂದು ಅಲುಗಾಡುತ್ತಿರುತ್ತದೆ. ಮೇಲೆ ಸುಣ್ಣ ಬಳಿದು ಮುಚ್ಚಿರುತ್ತಾರೆ.

ಶೂ ವಿಷಯಕ್ಕೆ ಬಂದರೆ, ಒಬ್ಬೊಬ್ಬರಿಗೆ ಹೊಸ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಓಟದ ಶೂ) ಕೊಡಿಸುವುದಕ್ಕಿಂತ ಬೇರೆಬೇರೆ ಅಳತೆಯ ಹತ್ತು ಜೊತೆ ಕಾಲೇಜಿನ ಕಪಾಟಿನಲ್ಲಿಡಿ. ಡಿಗ್ರಿ ಮುಗಿಸುವವರು ವಾಪಸ್ ಕೊಟ್ಟು ಹೋಗಲಿ. ಮಣ್ಣಿನ ಟ್ರ್ಯಾಕಿಗೆ ಉದ್ದ ಮೊಳೆ ಬೇಕು, ಸಿಂಥೆಟಿಕ್‌ಗೆ ಗಿಡ್ಡ ಮೊಳೆ. ಮೊಳೆ ಬಿಚ್ಚಿ ಹಾಕುವಂಥ ಶೂ ತಗೊಂಡರೆ ಎರಡಕ್ಕೂ ಆಯಿತು. ಯೂನಿವರ್ಸಿಟಿ ಮೀಟ್ ಸಿಂಥೆಟಿಕ್ ಮೇಲೆ ನಡೆದರೆ ನಮ್ಮ ಹುಡುಗರು ಮೊದಲ ಸಲ ಅದರ ಮೇಲೆ ಕಾಲಿಡುವುದು ರೇಸಿನ ದಿನವೇ. ಹಾಗಾಗಿ ಮೀಟಿಗೆ ಒಂದೆರಡು ವಾರ ಮೊದಲು ಹತ್ತಿರದ ಜಿಲ್ಲಾ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗಿ ಎರಡು ದಿನ ಓಡಿಸಲು ಒಂದು ವ್ಯಾನಿನ ಬಾಡಿಗೆ ಕೊಡಿ. ಆ ದುಡ್ಡು ಖಂಡಿತ ದಂಡ ಆಗುವುದಿಲ್ಲ.

ಹುಡುಗಿಯರ ವಿಷಯ ಬೇರೆಯಾಗಿಯೇ ಕೇಳಿ. ಸರ್ಕಾರಿ ಬಸ್ ಇರುವ ಕಡೆ 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಓಡಾಟ ಉಚಿತ. ಆದರೆ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಎಷ್ಟೋ ಊರಿಗೆ ಖಾಸಗಿ ಬಸ್ಸೇ ಗತಿ, ಅಲ್ಲಿ ಟಿಕೆಟ್ ತೆಗೆಯಲೇಬೇಕು. ದುಡ್ಡಿಗಿಂತ ದೊಡ್ಡ ತೊಡಕು ಸಮಯದ್ದು. ಸಂಜೆ ಪ್ರಾಕ್ಟೀಸ್ ಕಾವೇರುವ ಹೊತ್ತಿಗೆ ಅವರ ಬಸ್ಸು ಬಂದುಬಿಡುತ್ತದೆ. ಬಟ್ಟೆ ಬದಲಿಸಲು ಬಾಗಿಲು ಭದ್ರವಾಗಿರುವ, ನೀರು ಬರುವ ಒಂದು ಕೋಣೆ ಇದೆಯಾ ನೋಡಿ. ಇಲ್ಲದಿದ್ದರೆ ಉಳಿದರ್ಧ ದುಡ್ಡಿನಲ್ಲಿ ಮೊದಲು ಅದನ್ನು ಮಾಡಿಸಿ. ಎಷ್ಟೋ ಹುಡುಗಿಯರು ಎರಡನೇ ವರ್ಷಕ್ಕೆ ಆಟ ಬಿಡುವುದಕ್ಕೆ ಕಾರಣ ಇಂಥ ಸಣ್ಣ ವಿಷಯವೇ. ಮೇಷ್ಟ್ರ ಹತ್ತಿರ ಹೇಳಿಕೊಳ್ಳುವುದಿಲ್ಲ, ಸುಮ್ನೆ ಬರುವುದು ನಿಲ್ಲಿಸುತ್ತಾರೆ.

ದುಡ್ಡಲ್ಲದ ಸಹಾಯವೂ ಉಂಟು. ಮೀಟ್ ನಡೆಯುವ ಊರಿನಲ್ಲಿ ನಿಮ್ಮ ಕಾಲೇಜಿನ ಹಳೆಬರು ಯಾರಾದರೂ ಇದ್ದೇ ಇರುತ್ತಾರೆ. ಅವರ ಮನೆಯಿಂದ ರಾತ್ರಿಗೆ ಬಿಸಿ ಅನ್ನ, ಸಾರು ಬಂದರೆ ಹುಡುಗರು ಎಣ್ಣೆ ತಿಂಡಿ ತಿಂದು ಮರುದಿನ ಹೊಟ್ಟೆ ಹಿಡಿದುಕೊಳ್ಳುವುದು ತಪ್ಪುತ್ತದೆ. ನಿಮ್ಮಲ್ಲಿ ಫಿಸಿಯೋಥೆರಪಿಸ್ಟ್ ಯಾರಾದರೂ ಇದ್ದರೆ ತಿಂಗಳಿಗೊಂದು ವಿಡಿಯೋ ಕಾಲ್ ಸಾಕು. ತೊಡೆ ಹಿಂದಿನ ಸ್ನಾಯು ಹಿಡಿದುಕೊಂಡವನಿಗೆ ಎಣ್ಣೆ ತಿಕ್ಕಿ ಮರುದಿನವೇ ಓಡಿಸುವ ಪದ್ಧತಿ ಇನ್ನೂ ಹೋಗಿಲ್ಲ. ಮೀಟಿನ ದಿನಗಳಲ್ಲಿ ತಪ್ಪಿದ ಪಾಠ, ಇಂಟರ್ನಲ್ ಟೆಸ್ಟು ಹಿಡಿಯಲು ನೋಟ್ಸ್ ಹೊಂದಿಸಿಕೊಡುವವರು ಒಬ್ಬರಿದ್ದರೆ ಅಪ್ಪ-ಅಮ್ಮನೂ ಆಟಕ್ಕೆ ಬೇಡ ಅನ್ನುವುದು ಕಮ್ಮಿಯಾಗುತ್ತದೆ.

ದುಡ್ಡು ಯಾರ ಖಾತೆಗೆ ಹಾಕಬೇಕು ಅನ್ನುವುದು ನಿಮ್ಮ ಗುಂಪಿನಲ್ಲಿ ಜಗಳಕ್ಕೆ ಬರುವ ವಿಷಯ, ಈಗಲೇ ತಿಳಿದುಕೊಳ್ಳಿ. ಕಾಲೇಜಿನ ಸಾಮಾನ್ಯ ಖಾತೆಗೆ ಹಾಕಿದರೆ ಅದು ಬಿಲ್ಡಿಂಗಿನ ಬಣ್ಣಕ್ಕೂ ಹೋಗಬಹುದು. ಹಳೆ ವಿದ್ಯಾರ್ಥಿ ಸಂಘ ನೋಂದಣಿ ಆಗಿದೆಯಾ ಕೇಳಿ. ಇಲ್ಲದಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸೇರಿದರೆ ಮಾಡಿಸಬಹುದು. ಬಹಳ ಕಾಲೇಜುಗಳಲ್ಲಿ ಸಂಘ ಕಾಗದದ ಮೇಲೆ ಇದ್ದೇ ಇರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರ ಐದನೇ ಮಾನದಂಡದಲ್ಲಿ ಕ್ರೀಡೆಯ ಪದಕಕ್ಕೂ ಅಂಕ, ನೋಂದಾಯಿತ ಹಳೆ ವಿದ್ಯಾರ್ಥಿ ಸಂಘಕ್ಕೂ ಅಂಕ. ಹಾಗಾಗಿ ನ್ಯಾಕ್ ತಂಡ ಬರುವ ವರ್ಷ ಸಂಘ ಎದ್ದು ಕೂರುತ್ತದೆ, ತಂಡ ಹೋದ ಮೇಲೆ ಮತ್ತೆ ಮಲಗುತ್ತದೆ. ಅಂಥ ಸಂಘ ಇದ್ದರೆ ಬೈಯಬೇಡಿ, ಅದರಲ್ಲೇ ಕ್ರೀಡೆಗೆ ಅಂತ ಬೇರೆ ಖಾತೆ ತೆರೆಸಿ. ಪಿ.ಡಿ. ಮತ್ತು ಸಂಘದ ಒಬ್ಬರು ಜಂಟಿ ಸಹಿ ಹಾಕಲಿ, ತಿಂಗಳ ಲೆಕ್ಕ ಗುಂಪಿಗೆ ಬರಲಿ.

ವಿದೇಶದಲ್ಲಿರುವ ಗೆಳೆಯರ ದುಡ್ಡಿನ ಬಗ್ಗೆ ಮಾತ್ರ ಹುಷಾರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡವರು ಕಳಿಸಿದರೆ, ಓಸಿಐ ಕಾರ್ಡ್ ಇದ್ದರೂ, ಅದು ಕಾನೂನಿನ ಕಣ್ಣಿಗೆ ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಅಂಥವರು ಊರಿಗೆ ಬಂದಾಗ ಗ್ರೌಂಡಿಗೆ ಬಂದು ಹುಡುಗರ ಜೊತೆ ಒಂದು ಬೆಳಗ್ಗೆ ಓಡಲಿ.

ಇನ್ನೊಂದು ವಿಷಯಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನೀವು ಮೊಟ್ಟೆ ಹಾಕಿ ಬೆಳೆಸಿದ ಹುಡುಗ ಒಂದು ಪದಕ ತಂದ ಕೂಡಲೇ ದೊಡ್ಡ ಸಂಸ್ಥೆಗೆ ಹೋಗಬಹುದು. ಮೂಡುಬಿದಿರೆಯ ಆಳ್ವಾಸ್‌ನಂಥವರು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಎಲ್ಲ ಉಚಿತವಾಗಿ ಕೊಡುತ್ತಾರೆ. ಅಲ್ಲಿ ಟ್ರ್ಯಾಕ್ ಇದೆ, ಕೋಚ್ ಇದ್ದಾರೆ, ಪೈಪೋಟಿ ಕೊಡುವ ಜೊತೆಗಾರರಿದ್ದಾರೆ. ಹೋಗಲಿ ಬಿಡಿ. ತಡೆಯುವುದು ಅವನಿಗೆ ಮಾಡುವ ಅನ್ಯಾಯ. ನಮ್ಮಂಥ ಕಾಲೇಜಿನ ಮೈದಾನ ಉಳಿದವರಿಗಾಗಿ ಇರುವುದು. ಅವರಲ್ಲಿ ಬಹಳ ಜನರ ಕಣ್ಣು ಪದಕದ ಮೇಲಲ್ಲ, ಪೊಲೀಸ್ ಕೆಲಸದ ಮೇಲೆ. ಸಿವಿಲ್ ಕಾನ್‌ಸ್ಟೇಬಲ್ ಆಯ್ಕೆಗೆ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಹುಡುಗಿಯರು 400 ಮೀಟರನ್ನು 2 ನಿಮಿಷದಲ್ಲಿ. ಜೊತೆಗೆ ಲಾಂಗ್ ಜಂಪ್ ಇಲ್ಲವೇ ಹೈಜಂಪ್, ಗುಂಡು ಎಸೆತ. ಬೆಳಗ್ಗೆ ಅವರಿಗೂ ಗೇಟು ತೆರೆದಿರಲಿ. ನೌಕರಿ ಹಿಡಿದ ಮೇಲೆ ತಿಂಗಳಿಗೆ 300 ತಪ್ಪದೆ ಹಾಕುವವರು ಇವರೇ. ನಮ್ಮ ಪಟ್ಟಿಯಲ್ಲಿ ಐಟಿಯವರಿಗಿಂತ ಪೊಲೀಸರೇ ಜಾಸ್ತಿ.

ನಿಮ್ಮದು ಅನುದಾನಿತ ಕಾಲೇಜಾ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಾ ಅಂತ ಬರೆದಿಲ್ಲ. ಸರ್ಕಾರಿ ಆದರೆ ಕೋಣೆ ಕಟ್ಟಿಸುವಂಥ ಕೆಲಸಕ್ಕೆ ಕಾಲೇಜು ಅಭಿವೃದ್ಧಿ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೆ ಶಾಸಕರೇ ಅಧ್ಯಕ್ಷರು. ಪ್ರಿನ್ಸಿಪಾಲರ ಮೂಲಕ ಒಂದು ಪತ್ರ ಕೊಟ್ಟಿರಿ. ಅದು ತಿರುಗಿ ಬರುವಷ್ಟರಲ್ಲಿ ಮರಳು, ಮೊಟ್ಟೆ ಎರಡೂ ಶುರು ಮಾಡಬಹುದು. ಕಾಲೇಜು ಯಾವ ಕಡೆಯದು ಅಂತ ಹೇಳಿದರೆ ಸಂಘದ ಬೈಲಾ (ನಿಯಮಾವಳಿ) ನಮೂನೆ ಕಳಿಸಿಕೊಡ್ತೀನಿ.