ಬುದ್ಧ ಆಸ್ಟ್ರೇಲಿಯಕ್ಕೆ ಹೋದದ್ದು ಯಾರ ಜೊತೆ?

ಮಗನ ಮನೆಗೆಂದು ಮೆಲ್ಬರ್ನ್‌ಗೆ ಹೋಗಿದ್ದಾಗ ಬಿಳಿಯರು ಧ್ಯಾನಕ್ಕೆ ಕುಳಿತದ್ದನ್ನು ಕಂಡಿರಿ. ‘ಭೋಗಕ್ಕೆ ಬೇಸತ್ತವರು ಬುದ್ಧನಿಗೆ ಶರಣಾಗುತ್ತಿದ್ದಾರೆ. ಅಲ್ಲಿ ಬೌದ್ಧಧರ್ಮ ಬೆಳೆಯಲು ಇದೇ ಕಾರಣವಲ್ಲವೇ?’ ಎಂದು ಶಿರಸಿಯಿಂದ ಕೇಳಿದ್ದೀರಿ.

ಮಾನ್ಯರೇ, ನೀವು ಕಂಡದ್ದು ಸುಳ್ಳಲ್ಲ. ಪರ್ತ್ ಬಳಿಯ ಸರ್ಪೆಂಟೈನ್‌ನಲ್ಲಿ 1983ರಲ್ಲಿ ಆರಂಭವಾದ ಬೋಧಿಜ್ಞಾನ ವಿಹಾರದ ಭಿಕ್ಷು ಅಜಾನ್ ಬ್ರಹ್ಮ್ ಲಂಡನ್ನಿನಲ್ಲಿ ಹುಟ್ಟಿದ ಬಿಳಿಯರೇ. ಆದರೆ ಬೆಳವಣಿಗೆಯ ಬಹುಪಾಲು ಅದಲ್ಲ. 1991ರ ಜನಗಣತಿಯಲ್ಲಿ ಆಸ್ಟ್ರೇಲಿಯದ ಬೌದ್ಧರು ಸುಮಾರು 1.40 ಲಕ್ಷ, 2021ರಲ್ಲಿ ಸುಮಾರು 6.15 ಲಕ್ಷ. ಇವರಲ್ಲಿ ಹೆಚ್ಚಿನವರು ವಿಯೆಟ್ನಾಂ, ಚೀನಾ, ಶ್ರೀಲಂಕಾ, ಥಾಯ್ಲೆಂಡ್, ಕಾಂಬೋಡಿಯ ಮುಂತಾದ ಕಡೆಗಳಿಂದ ಹೋದವರು ಮತ್ತು ಅವರ ಮಕ್ಕಳು.

ಏಷ್ಯಾದವರಿಗೆ ಆಸ್ಟ್ರೇಲಿಯದ ಬಾಗಿಲು ಸರಿಯಾಗಿ ತೆರೆದದ್ದು ಬಹಳ ತಡವಾಗಿ. 1882ರಲ್ಲೇ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಿಗೆ ಸಿಂಹಳೀಯ ಕೂಲಿಗಳು ಹೋಗಿದ್ದರು. ಆಸ್ಟ್ರೇಲಿಯದ ಉತ್ತರ ತುದಿಯಾಚೆಯ ಥರ್ಸ್‌ಡೇ ದ್ವೀಪದಲ್ಲಿ ನೆಲೆಸಿದವರು ಅಲ್ಲಿ ಬೋಧಿವೃಕ್ಷವನ್ನೂ ನೆಟ್ಟರು. ಆದರೆ 1901ರ ವಲಸೆ ನಿರ್ಬಂಧ ಕಾಯ್ದೆ ಏಷ್ಯಾದವರನ್ನು ಹೊರಗಿಟ್ಟಿತು. ಹೊಸಬರು ಬರಲಿಲ್ಲ, ಮರ ಉಳಿದರೂ ಸುತ್ತ ಪ್ರದಕ್ಷಿಣೆ ಹಾಕುವವರು ಕರಗಿದರು. 1973ರಲ್ಲಿ ಬಿಳಿಯರಿಗಷ್ಟೇ ಮಣೆ ಹಾಕುತ್ತಿದ್ದ ಆ ನೀತಿ ಕೊನೆಗೊಂಡಿತು, 1975ರಲ್ಲಿ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಕಮ್ಯುನಿಸ್ಟರ ವಶವಾಯಿತು, ದೋಣಿಗಳಲ್ಲೂ ನಿರಾಶ್ರಿತರ ಶಿಬಿರಗಳಿಂದಲೂ ವಿಯೆಟ್ನಾಮಿಗಳು ಬಂದರು. ಊರು, ಮನೆ ಎಲ್ಲವನ್ನೂ ಬಿಟ್ಟು ಬಂದವರು ಬುದ್ಧನನ್ನು ಬಿಡಲಿಲ್ಲ. ಬಾಡಿಗೆ ಮನೆಯ ಮುಂಗೋಣೆಯೇ ಗುಡಿಯಾಯಿತು. ವಾರದ ಕೂಲಿಯಲ್ಲಿ ಉಳಿಸಿದ ಹಣ ಮುಂದೆ ಜಾಗವಾಯಿತು, ಗೋಪುರವಾಯಿತು.

ಸಿಡ್ನಿಯ ಪಶ್ಚಿಮದ ಬಡಾವಣೆಯೊಂದರಲ್ಲಿ ಶ್ರೀಲಂಕಾದವರ ಇಂಥ ಪುಟ್ಟ ವಿಹಾರವನ್ನು ನಾನು ನೋಡಿದ್ದೇನೆ. ಕಾರ್ ಶೆಡ್ ಅಡುಗೆಮನೆಯಾಗಿತ್ತು. ಗೋಡೆಯ ಕ್ಯಾಲೆಂಡರಿನ ಒಂದೊಂದು ತಾರೀಖಿನ ಮೇಲೂ ಒಂದೊಂದು ಮನೆತನದ ಹೆಸರು: ಅಂದು ಭಿಕ್ಷುಗಳಿಗೆ ದಾನ ಕೊಡುವ ಸರದಿ ಅವರದು. ನಡುಹಗಲು ದಾಟಿದರೆ ಭಿಕ್ಷುಗಳು ಉಣ್ಣುವಂತಿಲ್ಲ. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದ ಹೆಣ್ಣುಮಗಳೊಬ್ಬಳು ಅನ್ನ, ಬೇಳೆಯ ಪಾತ್ರೆಗಳನ್ನಿಳಿಸಿ ಮೊದಲು ನೋಡಿದ್ದು ಗಡಿಯಾರವನ್ನು. ಹನ್ನೊಂದೂ ಹತ್ತು. ಆಮೇಲೆಯೇ ಅವಳು ಕುಳಿತದ್ದು.

ಇಂಥವರನ್ನು ‘ಹುಟ್ಟಿನಿಂದ ಬೌದ್ಧರು’ ಎಂದು ಬದಿಗೆ ಸರಿಸಿ, ಕಣ್ಣು ಮುಚ್ಚಿ ಕುಳಿತವರನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ನನಗೆ ಸಂಕಟ ತರುತ್ತದೆ. ಪಶ್ಚಿಮವೇ ಶರಣಾಗುತ್ತಿದೆ ಎಂಬ ಮಾತಿಗೂ ಆಧಾರ ಸಾಲದು. ಜನಸಂಖ್ಯೆಯಲ್ಲಿ ಬೌದ್ಧರ ಪಾಲು 2011ರಲ್ಲಿ ಶೇ 2.5 ಇತ್ತು, 2021ರಲ್ಲಿ ಶೇ 2.4.

ಮುಂದಿನ ಸಲ ಹೋದಾಗ ಮಗನಿಗೆ ಹೇಳಿ ಮೆಲ್ಬರ್ನ್‌ನ ಬಡಾವಣೆಗಳಾದ ಸ್ಪ್ರಿಂಗ್‌ವೇಲ್, ಕೀಸ್‌ಬರೋ ಕಡೆಯ ವಿಹಾರಗಳಿಗೂ ಹೋಗಿಬನ್ನಿ. ಹನ್ನೊಂದರೊಳಗೆ ತಲುಪಿ. ಬರಿಗೈಯಲ್ಲಿ ಮಾತ್ರ ಹೋಗಬೇಡಿ, ಒಂದು ಡಬ್ಬಿ ಚಿತ್ರಾನ್ನವಾದರೂ ಸರಿ.

– ಸಂ.