ಅಕ್ಕಪಕ್ಕದ ದೇಶಗಳ ಜೊತೆ ಸುಂಕ ಕಡಿಮೆ ಮಾಡಿಕೊಂಡರೆ ದೇಶ ಬೆಳೆಯುತ್ತಾ, ಹಾಳಾಗುತ್ತಾ?

ಸೆಮಿನಾರಿಗೆ ಬರೆಯೋಕೆ ಅಂತ ನೀವು ಕೇಳಿದ ಇದೇ ಪ್ರಶ್ನೆ ಒಂದು ಕಾಲದಲ್ಲಿ ನನ್ನ ತಲೇಲೂ ಇತ್ತು. ಆಗ ಮೈಸೂರಿನಲ್ಲಿ ನನ್ನದೊಂದು ಸಣ್ಣ ಊದುಬತ್ತಿ ಘಟಕ.

ಆಸಿಯಾನ್, ಅಂದರೆ ಆಗ್ನೇಯ ಏಷ್ಯಾದ ದೇಶಗಳ ಕೂಟದ ಜೊತೆ, ಸುಂಕ ಇಳಿಸೋ ನಮ್ಮ ಸರಕು ಒಪ್ಪಂದ ಜಾರಿಗೆ ಬಂದಿದ್ದು 2010ರ ಜನವರಿ 1ಕ್ಕೆ. ಬರ್ತಾ ಬರ್ತಾ ವಿಯೆಟ್ನಾಂನ ಕಚ್ಚಾ ಬತ್ತಿ, ಅಂದರೆ ಸೆಂಟ್ ಹಾಕದ ಕಪ್ಪು ಬತ್ತಿ, ಮಾರುಕಟ್ಟೆ ತುಂಬಿತು. ಎಲ್ಲಾ ಒಂದೇ ದಪ್ಪ, ಒಂದೇ ಉದ್ದ. ನಮ್ಮಲ್ಲಿ ಹೆಂಗಸರು ಮನೇಲಿ ಕೂತು, ಇದ್ದಿಲು ಪುಡಿಗೆ ಜಿಗಟ್ ಪುಡಿ (ಅಂಟು ಕೊಡೋ ಮರದ ತೊಗಟೆ ಪುಡಿ) ಸೇರಿಸಿ ಕಲಸಿ, ಮಣೆ ಮೇಲೆ ಹೊಸೆಯುತ್ತಿದ್ದರು. ಸಾವಿರ ಬತ್ತಿಗೆ ಇಷ್ಟು ಅಂತ ಕೂಲಿ. ಲೆಕ್ಕ ಹಾಕಿದರೆ ಹೊರಗಿನದೇ ಅಗ್ಗ. ನಾನು ಇನ್ನೂ ಅಗ್ಗ ಸಿಗುತ್ತೆ ಅಂತ ಚೀನಾದ್ದು ತರಿಸಿ, ಸೆಂಟಲ್ಲಿ ಅದ್ದಿ, ಪ್ಯಾಕ್ ಮಾಡಿ, ಆಗ್ನೇಯ ಏಷ್ಯಾದ ಒಬ್ಬ ಗಿರಾಕಿಗೆ ಕಳಿಸಿದೆ.

ಮೈಸೂರಲ್ಲಿ ತಯಾರಾಗಿದೆ, ಭಾರತದ ಮಾಲೇ ಅಲ್ವಾ ಅಂದುಕೊಂಡಿದ್ದೆ. ಅಲ್ಲ. ಸುಂಕದ ರಿಯಾಯಿತಿ ಬೇಕಾದರೆ ಮೂಲದ ಪ್ರಮಾಣಪತ್ರ, ಅಂದರೆ ಮಾಲು ಯಾವ ದೇಶದ್ದು ಅನ್ನೋ ದಾಖಲೆ, ಬೇಕು. ಅದಕ್ಕೆ ಮಾಲಿನ ಬೆಲೆಯಲ್ಲಿ ಕನಿಷ್ಠ 35% ಒಪ್ಪಂದದ ದೇಶಗಳದ್ದೇ ಆಗಿರಬೇಕು. ನನ್ನದರಲ್ಲಿ ಬತ್ತಿ ಈ ಒಪ್ಪಂದದಲ್ಲಿಲ್ಲದ ಚೀನಾದ್ದು, ಸೆಂಟಿನ ಕೆಮಿಕಲ್ಲೂ ಒಪ್ಪಂದದ ಹೊರಗಿನದು. ಅದು ಸಾಲದು ಅಂತ ಹೊರಗಿಂದ ತಂದ ಮಾಲಿಗೂ ಕಳಿಸೋ ಮಾಲಿಗೂ ಸುಂಕದ ಪಟ್ಟಿಯಲ್ಲಿರೋ ಕೋಡ್ ಕೂಡ ಬೇರೆಯಾಗಬೇಕು. ನನ್ನ ಗೋಡೌನಿಗೆ ಬಂದದ್ದೂ ಬತ್ತಿ, ಹೋದದ್ದೂ ಬತ್ತಿ! ತಮಾಷೆ ಅಂದರೆ, ಸರಿಯಾದ ಕಾಗದ ಇರೋ ವಿಯೆಟ್ನಾಂ ಬತ್ತಿ ತಂದಿದ್ದರೆ ದಾರಿ ಇತ್ತು. ಸದಸ್ಯ ದೇಶದ ಕಚ್ಚಾ ಮಾಲನ್ನು ನಮ್ಮದೇ ಅಂತ ಲೆಕ್ಕ ಹಿಡಿಯುತ್ತಾರೆ. ಕೆಜಿಗೆ ಒಂದಿಷ್ಟು ಉಳಿಸೋಕೆ ಹೋಗಿ ಅದನ್ನೂ ಕಳಕೊಂಡೆ. ಗಿರಾಕಿ ಪೂರ್ತಿ ಸುಂಕ ಕಟ್ಟಿ, ನನ್ನ ಬಿಲ್ಲಲ್ಲಿ ಮುರಿದುಕೊಂಡ. ಮತ್ತೆ ಆರ್ಡರ್ ಕೊಡಲಿಲ್ಲ.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಒಪ್ಪಂದದಿಂದ ದೇಶ ತಾನಾಗೇ ಬೆಳೆಯಲ್ಲ. 2006ರಿಂದ ಸಾಫ್ಟಾ, ಅಂದರೆ ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರ ಒಪ್ಪಂದ, ಇದೆ. ಆದರೂ ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ಮತಮ್ಮೊಳಗಿನದು ಸುಮಾರು 5% ಅಷ್ಟೇ. ಆಸಿಯಾನ್‌ನಲ್ಲಿ ಹೆಚ್ಚುಕಮ್ಮಿ ಕಾಲು ಭಾಗ. ವ್ಯಾಪಾರ ಬೆಳೆಯೋಕೆ ಬಂದರು, ರಸ್ತೆ, ಗಡೀಲಿ ಲಾರಿ ನಿಲ್ಲದ ವ್ಯವಸ್ಥೆ ಬೇಕು. ವಿಯೆಟ್ನಾಂ 1995ರಲ್ಲಿ ಆಸಿಯಾನ್ ಸೇರಿದ್ದಷ್ಟೇ ಅಲ್ಲ, ಕಾರ್ಖಾನೆಗಳನ್ನೂ ಕರೆಸಿಕೊಂಡಿತು.

ಹಾಗಂತ ಬಾಗಿಲು ಹಾಕಿದರೆ ಸರಿಹೋಗುತ್ತೆ ಅನ್ನೋರನ್ನೂ ನಾನು ನಂಬಲ್ಲ. 2019ರ ಆಗಸ್ಟ್‌ನಲ್ಲಿ ಊದುಬತ್ತಿ ಆಮದಿಗೆ ನಿರ್ಬಂಧ ಬಂತು. ನವೆಂಬರ್‌ನಲ್ಲಿ ಭಾರತ ಆರ್‌ಸಿಇಪಿ, ಅಂದರೆ ಆಸಿಯಾನ್, ಚೀನಾ ಎಲ್ಲಾ ಇರೋ ದೊಡ್ಡ ವ್ಯಾಪಾರ ಒಪ್ಪಂದ, ಬೇಡ ಅಂತ ಎದ್ದು ಬಂತು. ನಮ್ಮ ಕಡೆ ಖುಷಿಯೋ ಖುಷಿ. ಆದರೆ ನನಗೆ ಬತ್ತಿ ಹೊಸೆಯುತ್ತಿದ್ದವರು ಅಷ್ಟರಲ್ಲಿ ಗಾರ್ಮೆಂಟ್ಸ್ ಸೇರಿಯಾಗಿತ್ತು. ಅವರ್ಯಾರೂ ವಾಪಸ್ ಬರಲಿಲ್ಲ, ಅವರ ಜಾಗಕ್ಕೆ ಮಷಿನ್ ಬಂತು.

ನೀವು ಸೆಮಿನಾರಿಗೆ ಬರೆಯೋದಾದರೆ ಜಿಡಿಪಿ ಪಟ್ಟಿ ಆಮೇಲೆ ನೋಡಿ. ಮೊದಲು ಒಪ್ಪಂದದಲ್ಲಿ ಮೂಲದ ನಿಯಮಗಳ ಅನುಬಂಧ ಓದಿ. ಬೋರು ಹೊಡೆಯುತ್ತೆ, ಆದರೂ ಓದಿ. ಯಾರ ಮಾಲು ಗಡಿ ದಾಟುತ್ತೆ, ಯಾರದ್ದು ದಾಟಲ್ಲ ಅನ್ನೋದು ಅಲ್ಲೇ ಇರೋದು.