ನಿಮ್ಮ ಸಿಳ್ಳಾರ ಪಶ್ಚಿಮ ಘಟ್ಟದ್ದು

ಪ್ರಿಯರೇ,

ಶ್ರೀಲಂಕಾದ ಸಿಳ್ಳಾರ ಹಕ್ಕಿಯ ಬಗ್ಗೆ ನೀವು ಕಳಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಅಡಗಿದೆ, ಅದಕ್ಕಾಗಿಯೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಲಂಕೆಯ ಬೆಟ್ಟದ ಮೇಲಿನ ಬಯಲು ಹಾರ್ಟನ್ ಪ್ಲೇನ್ಸ್‌ನ ಮಂಜಿನಲ್ಲಿ ಹಕ್ಕಿ ‘ಶಾಲೆಗೆ ಹೊರಟ ಹುಡುಗನಂತೆ ರಾಗವಾಗಿ ಸಿಳ್ಳೆ ಹಾಕಿತು’ ಎಂದಿದ್ದೀರಿ. ಹಾಗೆ ಸಿಳ್ಳೆ ಹಾಕುವುದು ನಮ್ಮ ಘಟ್ಟದ ಸಿಳ್ಳಾರ, ಮಲೆನಾಡಿನ ಮಳೆಗಾಲದಲ್ಲಿ ನೀವು ಚಿಕ್ಕಂದಿನಿಂದ ಕೇಳಿದ್ದು. ಲಂಕೆಯದು ಅದರ ದಾಯಾದಿ; ಅದರ ಕೂಗು ‘ಸ್ರೀ... ಸ್ರೀ’ ಎಂದು ಕಿವಿ ಚುಚ್ಚುತ್ತದೆ. ಅಲ್ಲಿ ಕೇಳಿದ್ದನ್ನು ಬಿಟ್ಟು, ನೆನಪಿನಲ್ಲಿ ಇದ್ದದ್ದನ್ನು ಬರೆದುಬಿಟ್ಟಿದ್ದೀರಿ. ‘ಕಡುನೀಲಿ ಜೋಡಿ’ ಎನ್ನುವಲ್ಲಿಯೂ ಅದೇ ಆಗಿದೆ. ನಮ್ಮದರಲ್ಲಿ ಗಂಡು, ಹೆಣ್ಣು ನೋಡಲು ಒಂದೇ. ಅಲ್ಲಿ ಗಂಡು ಕಪ್ಪುನೀಲಿ, ಹೆಣ್ಣು ಕಂದು. ಹೆಗಲಿನ ನೀಲಿ ಮಚ್ಚೆ ಮಾತ್ರ ಎರಡಕ್ಕೂ ಉಂಟು. ಲಂಕೆಯದು ಗಾತ್ರದಲ್ಲಿಯೂ ನಮ್ಮದಕ್ಕಿಂತ ಚಿಕ್ಕದು, ಸುಮಾರು 20 ಸೆಂ.ಮೀ.

ಮೊದಲ ಎರಡು ಪುಟಗಳ ರಾವಣ, ಅಶೋಕವನ, ಚಹಾ ತೋಟದ ಹಸಿರು ಎಲ್ಲವನ್ನೂ ತೆಗೆದುಹಾಕಿ. ಚಹಾ ಬರಲೇಬೇಕಿದ್ದರೆ ಹಕ್ಕಿಯ ಬೆನ್ನಿಗೆ ಬರಲಿ. 1872ರಲ್ಲಿ ಹೋಲ್ಡ್ಸ್‌ವರ್ತ್ ಎಂಬ ನಿಸರ್ಗ ವಿಜ್ಞಾನಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದಾಗ ಇದರ ಶಾಸ್ತ್ರೀಯ ಹೆಸರಿಗೆ ಸೇರಿದ್ದು ಬ್ಲೈ ಎಂಬ ಕಾಫಿ ಬೆಳೆಗಾರನ ಹೆಸರು. ಯಾವ ಬೆಳೆಗಾಗಿ ಆ ಬೆಟ್ಟಗಳ ಕಾಡು ಕಡಿದರೋ, ಆ ಬೆಳೆಯವನ ಹೆಸರನ್ನೇ ಈ ಹಕ್ಕಿ ಹೊತ್ತಿದೆ. ತುಕ್ಕುರೋಗಕ್ಕೆ ಕಾಫಿ ಹೋಯಿತು, ಚಹಾ ಬಂತು, ಕಾಡು ಮರಳಲಿಲ್ಲ. ಈಗ ಇದು ಅಳಿವಿನಂಚಿನ ಹಕ್ಕಿ. ಇಷ್ಟು ದೊಡ್ಡ ಸಂಗತಿಯನ್ನು ನೀವು ಕಂಸದೊಳಗೆ ತುರುಕಿದ್ದೀರಲ್ಲ!

ಇನ್ನು ಹಾರ್ಟನ್ ಪ್ಲೇನ್ಸ್‌ನ ಅರೆಂಗಾ ಕೊಳದ ಬಗ್ಗೆ ನೀವು ಬರೆದ ಆ ಆರು ಸಾಲು. ಕೊಳಕ್ಕೆ ಹೆಸರು ಬಂದದ್ದೇ ಈ ಹಕ್ಕಿಯ ಹಳೆಯ ಶಾಸ್ತ್ರೀಯ ಹೆಸರಿನಿಂದ. ಬೆಳಕು ಹರಿಯುವ ಮೊದಲು ಚಾಲಕ ಎಂಜಿನ್ ಆರಿಸುತ್ತಾನೆ, ನೀವು ಗಾಜಿನ ಮಂಜನ್ನು ಅಂಗೈಯಿಂದ ಒರೆಸುತ್ತೀರಿ. ‘ಒದ್ದೆ ಕಲ್ಲಿನ ಮೇಲಿದ್ದ ಕತ್ತಲು ಪಕ್ಕದ ಕಲ್ಲಿಗೆ ಜಿಗಿಯಿತು.’ ಈ ವಾಕ್ಯ ಓದಿ ನಾನು ಪುಟ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆದರೆ ಮರುಸಾಲಿನಲ್ಲೇ ‘ಪ್ರಕೃತಿ ಮಾತೆಯ ಮಡಿಲು’ ಬಂದು ಅದನ್ನು ಕೆಡಿಸಿದೆ.

ಬರಹ ಆ ಗಾಜು ಒರೆಸುವಲ್ಲಿಂದ ಶುರುವಾಗಲಿ. ಅಂದಿನ ಟಿಪ್ಪಣಿ ಪುಸ್ತಕ ಇದ್ದರೆ ಅದನ್ನು ಎದುರಿಗಿಟ್ಟುಕೊಂಡು ಬರೆಯಿರಿ. ಕೂಗು ನಿಮಗೆ ಹೇಗೆ ಕೇಳಿಸಿತೋ ಹಾಗೆಯೇ ಇರಲಿ, ಇಂಪಾಗಿಲ್ಲದಿದ್ದರೂ ಸರಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ, ಕಾಯುತ್ತಿರುತ್ತೇನೆ.

ಇಂತು,
ಸಂಪಾದಕ